ಹೊಸಬರ ಪಟ್ಟಿಗೆ ಸೇರಿಸದ ಒಂದು ಕೆಲಸ

ಕಳೆದ ವರ್ಷ ನಮ್ಮ ಹ್ಯಾಕಥಾನಿಗೆ ಬಂದ ಹೊಸಬರಿಗೆಲ್ಲ ಸುಲಭದ ಕೆಲಸಗಳನ್ನು ಆರಿಸಿಕೊಟ್ಟವಳು ನಾನು. ಎಪ್ಪತ್ತು ದಾಟಿದ ಹೆಂಗಸಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ಕೇಳಿದವರಲ್ಲಿ ನನ್ನ ಅಕ್ಕನೇ ಮೊದಲಿನವಳು.

“ಹ್ಯಾಕಥಾನ ಅಂದ್ರ ಏನ?” ಎಂದಳು, ಮೆಂತ್ಯದ ಸೊಪ್ಪು ಬಿಡಿಸುತ್ತ.

“ಕಂಪ್ಯೂಟರಿನ ಪ್ರೋಗ್ರಾಮ್ ರಿಪೇರಿ ಮಾಡೋ ಮಂದಿ ಎಲ್ಲಾ ಎರಡು ದಿನಾ ಒಂದ ಕಡೆ ಕೂಡ್ತಾರ. ಕೂತು ರಿಪೇರಿ ಮಾಡ್ತಾರ.”

“ಪಗಾರ?”

“ಪಗಾರ ಇಲ್ಲ.”

“ಊಟಾ?”

“ಊಟಾ ಅದ.”

“ಹಂಗಾರ ಭಜನಾ ಮಂಡಳಿ ಅನ್ನು,” ಎಂದು ಹೇಳಿ ಅಕ್ಕ ಸೊಪ್ಪಿನ ದಂಟನ್ನು ಪೇಪರಿನ ಮೇಲೆ ಎಸೆದಳು.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಪುಣೆಯ ಸದಾಶಿವ ಪೇಠದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ನಾವಿಬ್ಬರೇ. ಆಕೆಗೆ ಗಂಡ ಇದ್ದು ಹೋದ, ನನಗೆ ಇರಲೇ ಇಲ್ಲ. ಹೀಗಾಗಿ ನಮ್ಮಿಬ್ಬರ ಮಧ್ಯೆ ಮುಚ್ಚಿಡುವಂಥದು ಏನೂ ಉಳಿದಿಲ್ಲ ಎಂದು ಅಲ್ಲಿಯವರೆಗೆ ನಾನು ಅಂದುಕೊಂಡಿದ್ದೆ.

ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನಗೆ ಇಂಗ್ಲಿಷ್ ಗ್ರಾಮರ್ ಕಲಿಸಿದರು, ಮೆಲುದನಿಯಲ್ಲಿ ಮಾತಾಡುವುದನ್ನು ಕಲಿಸಿದರು, ಮುಂದೆ ನುಗ್ಗಬಾರದು ಎಂದು ಕಲಿಸಿದರು. ಮೂರನ್ನೂ ಚೆನ್ನಾಗಿ ಕಲಿತೆ. ಅದರ ಬಲದಿಂದಲೇ ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮೂವತ್ತು ವರ್ಷ ಅಲ್ಲಿ ಯಂತ್ರಗಳ ಜೊತೆ ಕಳಿಸುವ ಮ್ಯಾನ್ಯುಅಲ್‌ಗಳನ್ನು ಬರೆದೆ. ಯಾವ ಬೋಲ್ಟನ್ನು ಮೊದಲು ಬಿಚ್ಚಬೇಕು, ಎಲ್ಲಿ ಎಣ್ಣೆ ಹಾಕಬೇಕು, ಎಲ್ಲಿ ಕೈ ಹಾಕಬಾರದು. ಇಂಜಿನಿಯರುಗಳು ಹರಕು ಕಾಗದದಲ್ಲಿ ಗೀಚಿ ತರುತ್ತಿದ್ದರು. ನಾನು ಅದನ್ನು ಮನುಷ್ಯರು ಓದುವ ಹಾಗೆ ಮಾಡುತ್ತಿದ್ದೆ. ಮೊದಲ ಪುಟದಲ್ಲಿ “ಪ್ರಿಪೇರ್ಡ್ ಬೈ” ಎಂಬ ಜಾಗದಲ್ಲಿ ಇಂಜಿನಿಯರ್ ಹೆಸರು ಬರುತ್ತಿತ್ತು. ಟೈಪ್ ಮಾಡುತ್ತಿದ್ದವಳೂ ನಾನೇ ಆದ್ದರಿಂದ ಆ ಹೆಸರುಗಳನ್ನು ನನ್ನ ಕೈಯಾರೆ ಹಾಕಿದ್ದೇನೆ. ಒಮ್ಮೆಯೂ ತಪ್ಪು ಮಾಡಲಿಲ್ಲ.

ರಿಟೈರ್ ಆದಮೇಲೆ ಗುರುವಾರ ಮಧ್ಯಾಹ್ನ ನಮ್ಮ ಕನ್ನಡ ಮಂದಿಯ ಸಣ್ಣ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ, ತೆಗೆದುಕೊಳ್ಳುವ ಕೆಲಸಕ್ಕೆ ಕೂತೆ. ಅಲ್ಲಿದ್ದ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಮ್ ಇತ್ತು. ಸಣ್ಣ ಗ್ರಂಥಾಲಯಗಳಿಗೆಂದೇ ಮಾಡಿದ್ದು. ಯಾರದೂ ಸ್ವಂತದ್ದಲ್ಲ, ಓಪನ್ ಸೋರ್ಸ್. ಅಂದರೆ ಅದರ ಒಳಗಿನ ಬರಹವೆಲ್ಲ ಎಲ್ಲರಿಗೂ ತೆರೆದಿಟ್ಟಿರುತ್ತದೆ, ಯಾರು ಬೇಕಾದರೂ ತಿದ್ದಿ ಕಳಿಸಬಹುದು. ತಿದ್ದಿದ್ದು ಸರಿ ಇದ್ದರೆ ಮುಖ್ಯಸ್ಥ ಒಪ್ಪಿಕೊಂಡು ಸೇರಿಸುತ್ತಾನೆ. ಈ ಮುಖ್ಯಸ್ಥ ಬೆಂಗಳೂರಿನ ಕಡೆಯವನು, ಇಲ್ಲೇ ಪುಣೆಯ ಯಾವುದೋ ಕಂಪನಿಯಲ್ಲಿ ಕೆಲಸಕ್ಕಿದ್ದ, ಮೂವತ್ತೈದರ ಆಸುಪಾಸು. ಪ್ರೋಗ್ರಾಮಿನ ಜೊತೆಗಿದ್ದ ಗೈಡ್‌ನ ಇಂಗ್ಲಿಷ್ ನೋಡಿ ನನಗೆ ತಡೆಯಲಾಗದೆ, ಎರಡು ಪುಟ ತಿದ್ದಿ ಅವನಿಗೆ ಮೇಲ್ ಮಾಡಿದೆ. ಅವನು ಪೂರ್ತಿ ಗೈಡನ್ನೇ ನನ್ನ ಮಡಿಲಿಗೆ ಹಾಕಿದ.

ಐದು ವರ್ಷ ಆ ಕೆಲಸ ಮಾಡಿದೆ. ಗೈಡ್ ಬರೆದೆ, ಕನ್ನಡಕ್ಕೆ ತಂದೆ, ಪ್ರೋಗ್ರಾಮಿನಲ್ಲಿ ಎಲ್ಲಿ ಏನು ಕೆಟ್ಟಿದೆ ಎಂದು ಹುಡುಕಿ ಅಚ್ಚುಕಟ್ಟಾಗಿ ವರದಿ ಮಾಡಿದೆ. ಹೊಸದೇನು ಬಂದರೂ ಮೊದಲು ಒತ್ತಿ ನೋಡುವವಳು ನಾನೇ. ಆದರೆ ಕೆಲಸ ಮಾಡಿದವರ ಹೆಸರಿನ ಪಟ್ಟಿ ಒಂದಿರುತ್ತದಲ್ಲ, ಅದರಲ್ಲಿ ನನ್ನ ಹೆಸರಿರಲಿಲ್ಲ. ಆ ಪಟ್ಟಿಯನ್ನು ಮನುಷ್ಯರು ಬರೆಯುವುದಿಲ್ಲ. ಒಳಗಿನ ಬರಹದಲ್ಲಿ ಒಂದಾದರೂ ತಿದ್ದುಪಡಿ ಸೇರಿದವರ ಹೆಸರನ್ನು ಯಂತ್ರವೇ ಸೇರಿಸುತ್ತದೆ. ಗೈಡ್ ಬೇರೆ ಕಡೆ ಇತ್ತು. ಅದು ಲೆಕ್ಕಕ್ಕಿಲ್ಲ.

ಒಮ್ಮೆ ಪರದೆಯ ಮೇಲೆ ಒಂದು ಅಕ್ಷರ ತಪ್ಪಿತ್ತು. ಅದನ್ನು ನಾನೇ ತಿದ್ದುತ್ತೇನೆ ಎಂದು ಮುಖ್ಯಸ್ಥನಿಗೆ ಹೇಳಿದೆ.

“ಅಯ್ಯೋ ಆಂಟಿ, ಪ್ಲೀಸ್, ಸಣ್ಣದನ್ನ ನೀವು ಮುಟ್ಬೇಡಿ,” ಎಂದ. “ಅವೆಲ್ಲ ಹೊಸಬರಿಗೆ ಅಂತ ಇಟ್ಟಿರೋದು. ನೀವು ಸೀನಿಯರ್ ಅಲ್ವಾ?”

ಅದು ಆ ಲೋಕದ ಪದ್ಧತಿ. ಸಣ್ಣ ಸಣ್ಣ ದೋಷ ಕಂಡರೆ ತಿಳಿದವರು ಕೂಡಲೇ ಸರಿ ಮಾಡುವುದಿಲ್ಲ. “ಗುಡ್ ಫಸ್ಟ್ ಇಶ್ಯೂ” ಎಂದು ಚೀಟಿ ಅಂಟಿಸಿ ಹಾಗೇ ಬಿಡುತ್ತಾರೆ. ಮುಂದೆ ಯಾರೋ ಹೊಸಬರು ಬಂದು ಅದರ ಮೇಲೆ ಕೈ ಪಳಗಿಸಲಿ ಎಂದು. ಒಳ್ಳೆಯ ಪದ್ಧತಿ, ಐ ಡೋಂಟ್ ಡಿನೈ ಇಟ್. ಆದರೆ ದೊಡ್ಡದು ನನಗೆ ಬರುವುದಿಲ್ಲ, ಸಣ್ಣದನ್ನು ಮುಟ್ಟಬಾರದು. ಸೀನಿಯರ್ ಎಂಬ ಶಬ್ದವನ್ನು ಅವನು ಎಷ್ಟು ಪ್ರೀತಿಯಿಂದ ಹೇಳಿದ್ದನೆಂದರೆ, ಸಿಟ್ಟು ಮಾಡುವುದಕ್ಕೂ ಜಾಗ ಇರಲಿಲ್ಲ.

ಹ್ಯಾಕಥಾನಿಗೆ ಎರಡು ತಿಂಗಳು ಇರುವಾಗ ಗ್ರಂಥಾಲಯಕ್ಕೆ ಬರುವ ಒಬ್ಬ ಸದಸ್ಯೆ, ವಿಜಾಪುರದ ಕಡೆಯವರು, ಪುಸ್ತಕದ ಜೊತೆ ಕೊಟ್ಟ ಚೀಟಿಯನ್ನು ನನ್ನ ಮೂಗಿನ ಕೆಳಗೆ ಹಿಡಿದರು.

“ಏನ್ರೀ ಬಾಯಿ, ನಮ್ಮ ಮನಿಯವರ ಹೆಸರು ಅರ್ಧಾ ಕತ್ತರಿಸಿ ಒಗದೀರಲ್ರೀ! ಮನಷ್ಯಾ ಇನ್ನೂ ಪೂರಾ ಅದಾನ್ರೀ.”

ನೋಡಿದರೆ ನಿಜ. ಚೀಟಿಯ ಮೇಲೆ ಅವರ ಹೆಸರು ಬಂದಿತ್ತು, ಗಂಡನ ಹೆಸರು ನಡುವೆ ತುಂಡಾಗಿತ್ತು, ಅಡ್ಡಹೆಸರು ಇರಲೇ ಇಲ್ಲ. ಕಾರಣ ಹುಡುಕಿದೆ. ಹೆಸರಿಗೆ ಇಷ್ಟೇ ಅಕ್ಷರ ಎಂದು ಪ್ರೋಗ್ರಾಮಿನಲ್ಲಿ ಒಂದು ಮಿತಿ ಇತ್ತು. ಕನ್ನಡದಲ್ಲಿ ಬರೆದರೆ ಯಂತ್ರ ಒತ್ತು, ಕೊಂಬು, ದೀರ್ಘಗಳನ್ನೆಲ್ಲ ಬೇರೆ ಬೇರೆ ಅಕ್ಷರವೆಂದು ಹಿಡಿಯುತ್ತದೆ. ಇಂಗ್ಲಿಷ್ ಹೆಸರು ಸಲೀಸಾಗಿ ಕೂಡುವ ಜಾಗದಲ್ಲಿ ನಮ್ಮ ಹೆಸರು ಸೊಂಟದವರೆಗೆ ಮಾತ್ರ ಹಿಡಿಸುತ್ತಿತ್ತು. ಒಂದು ಸಾಲು ತಿದ್ದಿದರೆ ಆಯಿತು.

ವರದಿ ಮಾಡಬೇಕಿತ್ತು. ಮಾಡಿದರೆ ಅದಕ್ಕೆ ಚೀಟಿ ಅಂಟುತ್ತಿತ್ತು, ಹೊಸಬರ ಪಾಲಾಗುತ್ತಿತ್ತು. ಮಾಡಲಿಲ್ಲ.

ಬದಲಿಗೆ ಕಲಿತೆ. ಹೊಸಬರಿಗೆಂದು ನಾನೇ ಬರೆದಿದ್ದ ಗೈಡನ್ನು ಮುಂದಿಟ್ಟುಕೊಂಡು, ಬೆಳಿಗ್ಗೆ ಅಕ್ಕ ಪೂಜೆಗೆ ಕೂತಾಗ ಒಂದೊಂದೇ ಹೆಜ್ಜೆ. ಆ ಗೈಡ್ ಎಷ್ಟು ಸ್ಪಷ್ಟವಾಗಿದೆ ಎಂದು ಆಗ ತಿಳಿಯಿತು. ಒಂದು ದಿನ ತಿದ್ದುಪಡಿ ಸರಿಯಾಗಿ ಕೂತಿತು. ನನ್ನ ಲ್ಯಾಪ್‌ಟಾಪಿನಲ್ಲಿ ಉದ್ದುದ್ದ ಹೆಸರುಗಳನ್ನು ಹಾಕಿ ನೋಡಿದೆ, ಎಲ್ಲವೂ ಪೂರಾ ಬಂದವು. ಅದನ್ನು ಅಲ್ಲೇ ಮುದ್ರೆ ಹಾಕಿದಂತೆ ಉಳಿಸಿ, ಕಳಿಸದೆ ಇಟ್ಟುಕೊಂಡೆ. ಹ್ಯಾಕಥಾನಿನ ಕೊನೆಗೆ, ಭಾನುವಾರ ಸಂಜೆ, ಮೊದಲ ಸಲ ತಿದ್ದುಪಡಿ ಸೇರಿದವರ ಹೆಸರನ್ನು ಮುಖ್ಯಸ್ಥ ಸಭೆಯಲ್ಲಿ ಓದುತ್ತಿದ್ದ. ಪ್ರತಿ ವರ್ಷವೂ ನಾನು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದೆ. ಈ ಸಲ ನನ್ನ ಹೆಸರನ್ನು ಓದಲಿ ಎಂದು ಆಸೆಯಾಯಿತು. ಅದರಲ್ಲಿ ತಪ್ಪಿಲ್ಲ ಎಂದು ಈಗಲೂ ಅನ್ನಿಸುತ್ತದೆ. ತಪ್ಪು ಆಮೇಲಿನದು.

ಸುಲಭದ ಕೆಲಸಗಳ ಪಟ್ಟಿ ಮಾಡುವ ಜವಾಬ್ದಾರಿ ಮುಖ್ಯಸ್ಥ ನನಗೇ ಕೊಟ್ಟ. ಅದಕ್ಕಾಗಿ ಒಂದು ತಿಂಗಳು ಕೂತೆ. ಯಾವ ದೋಷ ಚಿಕ್ಕದು, ಯಾವ ಫೈಲು ತೆರೆಯಬೇಕು, ಸರಿಯಾಯಿತೆಂದು ಹೇಗೆ ತಿಳಿಯುವುದು, ಪ್ರತಿಯೊಂದಕ್ಕೂ ನಾಲ್ಕೈದು ಸಾಲು ಬರೆದೆ. ಸುಮಾರು ಮೂವತ್ತು ಕೆಲಸ. ಮೂವತ್ತು ಮ್ಯಾನ್ಯುಅಲ್ ಬರೆದಷ್ಟೇ ಶ್ರದ್ಧೆಯಿಂದ ಬರೆದೆ. ಆದರೆ ಹೊರಗಿನಿಂದ ನೋಡಿ ಆರಿಸಿದ್ದೆ. ಪರದೆಯ ಮೇಲೆ ಚಿಕ್ಕದಾಗಿ ಕಾಣುವುದು ಒಳಗೂ ಚಿಕ್ಕದೇ ಇರಬೇಕಿಲ್ಲ ಎನ್ನುವಷ್ಟು ವಿದ್ಯೆ ನನ್ನ ಹತ್ತಿರ ಇರಲಿಲ್ಲ. ಇರುವವರಿಗೆ ಪಟ್ಟಿ ಮಾಡಲು ಪುರಸೊತ್ತು ಇರಲಿಲ್ಲ.

“ಎಲ್ಲಾ ಸಣ್ಣದೂ ಹಾಕಿದ್ದೀರಲ್ವಾ ಆಂಟಿ?” ಎಂದು ಮುಖ್ಯಸ್ಥ ಫೋನಿನಲ್ಲಿ ಕೇಳಿದ.

“ಎಲ್ಲಾ ಹಾಕೀನಿ,” ಎಂದೆ.

ಶನಿವಾರ ಬೆಳಿಗ್ಗೆ ಇಂಜಿನಿಯರಿಂಗ್ ಕಾಲೇಜೊಂದರ ಹಾಲ್‌ನಲ್ಲಿ ಶುರುವಾಯಿತು. ಕಾಲೇಜಿನ ಹುಡುಗರೇ ಹೆಚ್ಚು. ಟೀ ಶರ್ಟ್ ಕೊಡುವ ಮೇಜಿನ ಮುಂದೆ ನೂಕಾಟ, ಆಮೇಲೆ ನನ್ನ ಪಟ್ಟಿಯ ಮುಂದೆ ನೂಕಾಟ. ಒಬ್ಬರಿಗೆ ಒಂದೇ ಎಂದು ನಾವು ನಿಯಮ ಮಾಡಿರಲಿಲ್ಲ. ಮಾಡಬೇಕು ಎಂದು ಹೊಳೆದೇ ಇರಲಿಲ್ಲ. ಹಿಂದಿನ ವರ್ಷಗಳಲ್ಲಿ ಬರುತ್ತಿದ್ದವರು ಹತ್ತೋ ಹನ್ನೆರಡೋ ಮಂದಿ. ಈ ಸಲ ಪ್ರಮಾಣಪತ್ರ ತೋರಿಸಿದರೆ ಕಾಲೇಜಿನಲ್ಲಿ ಮಾರ್ಕು ಕೊಡುತ್ತಾರಂತೆ, ಅದಕ್ಕೇ ಜಾತ್ರೆ. ಒಬ್ಬ ಕೂದಲು ಕೆದರಿದ ಹುಡುಗ ಹನ್ನೊಂದು ಗಂಟೆಯೊಳಗೆ ಒಂಬತ್ತು ಮುಗಿಸಿದ. ನನ್ನ ನಾಲ್ಕೈದು ಸಾಲನ್ನು ಅವನು ಓದಲೂ ಇಲ್ಲ. ಯಾವುದೋ ಎಐ ಯಂತ್ರಕ್ಕೆ ಹಾಕಿ, ಅದು ಕೊಟ್ಟಿದ್ದನ್ನು ಅಂಟಿಸಿ ಕಳಿಸುತ್ತಿದ್ದ.

“ಕಾಕೂ, ಅಜೂನ್ ಆಹೇತ್ ಕಾ?” ಎಂದು ಮರಾಠಿಯಲ್ಲಿ ಕೇಳಿದ. ಇನ್ನೂ ಇವೆಯೇ ಎಂದು. ಮದುವೆ ಪಂಕ್ತಿಯಲ್ಲಿ ಜಿಲೇಬಿ ಕೇಳಿದ ಹಾಗೆ.

“ಸಂಪ್ಲೀ, ಬಾಳಾ,” ಎಂದೆ. ಮುಗಿದವು. ಆಗ ಪಟ್ಟಿಯಲ್ಲಿದ್ದವೆಲ್ಲ ನಿಜಕ್ಕೂ ಯಾರದಾದರೂ ಕೈ ಸೇರಿದ್ದವು. ನನ್ನ ಲ್ಯಾಪ್‌ಟಾಪಿನಲ್ಲಿದ್ದದ್ದು ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಆಕೆ ಬಂದದ್ದು ಹನ್ನೊಂದೂವರೆಗೆ. ನಲವತ್ತರ ಹತ್ತಿರ ವಯಸ್ಸು, ಕಾಟನ್ ಚೂಡಿದಾರ, ಹೆಗಲಿಗೆ ದೊಡ್ಡ ಚೀಲ. ಬಾಗಿಲಲ್ಲೇ ನಿಂತು ಹುಡುಗರ ಗದ್ದಲ ನೋಡಿ ಹಿಂದಿರುಗಲಿದ್ದಳೇನೋ, ನಾನು ಕನ್ನಡದಲ್ಲಿ ಫೋನಿನ ಮೇಲೆ ಮಾತಾಡುವುದು ಕೇಳಿ ನೇರ ನನ್ನ ಮೇಜಿಗೆ ಬಂದಳು.

“ಆಂಟಿ, ನೀವು ಕನ್ನಡವಾ? ದೇವರು ಬಂದ ಹಾಗೆ ಆಯ್ತು. ನಾನು ಲೇಟು ಅಲ್ವಾ? ಶನಿವಾರ ಬೆಳಿಗ್ಗೆ ಹೋಟೆಲಿನಲ್ಲಿ ತಿಂಡಿಗೆ ರಶ್ ಮಾರಾಯ್ರೆ, ಅತ್ತೆ ಒಬ್ಬರಿಗೆ ಆಗುದಿಲ್ಲ. ಬಿಟ್ಟು ಬರ್ಲಿಕ್ಕೆ ಆಗ್ಲಿಲ್ಲ.”

ಚಿಂಚವಾಡದಲ್ಲಿ ಅವರದೊಂದು ಹೋಟೆಲು. ಉಡುಪಿಯ ಕಡೆಯವರು. ಆಕೆ ಬಿ.ಇ. ಓದಿ, ಎರಡು ವರ್ಷ ಕಂಪನಿಯಲ್ಲಿದ್ದು, ಮದುವೆಯಾಗಿ ಇಲ್ಲಿಗೆ ಬಂದವಳು. ಹನ್ನೆರಡು ವರ್ಷದಿಂದ ಕಂಪ್ಯೂಟರ್ ಎಂದರೆ ಹೋಟೆಲಿನ ಬಿಲ್ ಹೊಡೆಯುವ ಡಬ್ಬಿ ಮಾತ್ರ. ಈಗ ಒಂದು ಕಂಪನಿ, ಕೆಲಸ ಬಿಟ್ಟು ಮನೆಯಲ್ಲಿದ್ದ ಹೆಂಗಸರನ್ನು ಮತ್ತೆ ತೆಗೆದುಕೊಳ್ಳುತ್ತದೆಯಂತೆ. ಅರ್ಜಿಯಲ್ಲಿ ಒಂದು ಕಾಲಂ ಇತ್ತು: ಇತ್ತೀಚೆಗೆ ಯಾವುದಾದರೂ ಓಪನ್ ಸೋರ್ಸ್ ಪ್ರೋಗ್ರಾಮಿನಲ್ಲಿ ನಿಮ್ಮ ತಿದ್ದುಪಡಿ ಸ್ವೀಕಾರವಾಗಿದ್ದರೆ ಅದರ ಲಿಂಕ್ ಕೊಡಿ. ಕಾಲಂ ಖಾಲಿ ಇದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಸೋಮವಾರ ಕೊನೆಯ ದಿನ.

“ಒಂದೇ ಒಂದು ಆದ್ರೆ ಸಾಕು ಆಂಟಿ,” ಎಂದಳು. “ಚಿಕ್ಕದಾದ್ರೂ ಅಡ್ಡಿಲ್ಲ. ಮನೆಯಲ್ಲಿ ಹೇಳ್ಲಿಲ್ಲ ನಾನು, ಕಾಲೇಜಿನಲ್ಲಿ ಲೇಡೀಸ್ ಪ್ರೋಗ್ರಾಂ ಉಂಟು ಅಂತ ಸುಳ್ಳು ಹೇಳಿ ಬಂದೆ.”

ಪಟ್ಟಿಯಲ್ಲಿ ಕೊನೆಗೆ ಯಾರೂ ಮುಗಿಸದೆ ಬಿಟ್ಟದ್ದು ಒಂದಿತ್ತು ಎಂದು ಮುಖ್ಯಸ್ಥ ತೋರಿಸಿದ. ಆ ಹುಡುಗ ಹಿಡಿದು, ಅರ್ಧ ಗಂಟೆಯಲ್ಲಿ ಕೈಬಿಟ್ಟದ್ದು. ಪರದೆ ಮರಾಠಿಯಲ್ಲಿದ್ದಾಗ “ರದ್ದು” ಎಂಬ ಗುಂಡಿ ಮಾತ್ರ ಇಂಗ್ಲಿಷಿನಲ್ಲೇ ಉಳಿಯುತ್ತಿತ್ತು. ಒಂದು ಶಬ್ದ ಬದಲಿಸುವುದು, ಇದಕ್ಕಿಂತ ಸುಲಭ ಯಾವುದಿದೆ ಎಂದು ನಾನೇ ಅದಕ್ಕೆ ಚೀಟಿ ಅಂಟಿಸಿದ್ದೆ. ಅದನ್ನೇ ಆಕೆಗೆ ಕೊಟ್ಟೆ. ಹುಡುಗ ಯಾಕೆ ಕೈಬಿಟ್ಟ ಎಂದು ಕೇಳಲಿಲ್ಲ.

ಆಕೆ ನನ್ನ ಪಕ್ಕದಲ್ಲೇ ಕೂತಳು. ನನ್ನ ನಾಲ್ಕೈದು ಸಾಲನ್ನು ಇಡೀ ಹಾಲ್‌ನಲ್ಲಿ ಪೂರ್ತಿ ಓದಿದವಳು ಆಕೆ ಒಬ್ಬಳೇ. ಎರಡು ಸಲ ಓದಿ, “ಎಷ್ಟು ಚಂದ ಬರ್ದಿದ್ದೀರಿ ಆಂಟಿ,” ಎಂದಳು. ಆಮೇಲೆ ಸಂಜೆಯವರೆಗೆ ತಲೆ ಎತ್ತಲಿಲ್ಲ. ಆ ಗುಂಡಿ ನಮ್ಮ ಪ್ರೋಗ್ರಾಮಿನದೇ ಆಗಿರಲಿಲ್ಲ. ಬೇರೆ ಯಾರದೋ ಪ್ರೋಗ್ರಾಮಿನಿಂದ ತಂದು ಹೊಲಿದ ತೇಪೆ. ಅದನ್ನು ಬಿಚ್ಚಿದರೆ ಅಕ್ಕಪಕ್ಕದ ಹೊಲಿಗೆಯೆಲ್ಲ ಬಿಚ್ಚುತ್ತಿತ್ತು. ಆಕೆ ಬಿಚ್ಚಿದಳು, ಮತ್ತೆ ಹೊಲಿದಳು. ಭಾನುವಾರ ಬೆಳಿಗ್ಗೆ ಎಂಟಕ್ಕೇ ಬಂದಿದ್ದಳು, ತಿಂಡಿಯ ರಶ್ ಬಿಟ್ಟು. ಅತ್ತೆಗೆ ಏನು ಹೇಳಿದೆ ಎಂದು ಕೇಳಿದ್ದಕ್ಕೆ, “ಈಗ ಹೇಳ್ಲಿಕ್ಕೆ ಎಂತ ಉಳ್ದಿಲ್ಲ ಆಂಟಿ. ಮುಖ ಊದಿಸಿಕೊಂಡಿದ್ದಾರೆ, ಇಡ್ಲಿ ಹಾಗೆ,” ಎಂದು ನಕ್ಕಳು.

ಭಾನುವಾರ ಮೂರು ಗಂಟೆಗೆ ಮುಖ್ಯಸ್ಥ ಆಕೆಯ ಕೆಲಸ ನೋಡಿದ. ಗುಂಡಿ ಮರಾಠಿಯಲ್ಲಿ ಬಂದಿತ್ತು. ಆದರೆ ಫೋನಿನಲ್ಲಿ ತೆರೆದರೆ ಉಳಿದ ಗುಂಡಿಗಳೆಲ್ಲ ಒಂದರ ಮೇಲೊಂದು ಬಿದ್ದಿದ್ದವು.

“ಸಾರಿ ಮೇಡಂ,” ಎಂದ. “ವರ್ಕ್ ತುಂಬಾ ಚೆನ್ನಾಗಿದೆ. ಬಟ್ ಇವತ್ತು ಸೇರಿಸೋಕೆ ಆಗಲ್ಲ, ಎಲ್ಲಾ ಲೈಬ್ರರಿಲೂ ಒಡೆದುಹೋಗತ್ತೆ. ಆಕ್ಚುಅಲಿ ಇದು ಬಿಗಿನರ್ ಟಾಸ್ಕೇ ಅಲ್ಲ. ಯಾರು ಇದಕ್ಕೆ ಲೇಬಲ್ ಹಾಕಿದ್ದು?”

ಪಟ್ಟಿ ನನ್ನದೆಂಬುದು ಆ ಗಡಿಬಿಡಿಯಲ್ಲಿ ಅವನಿಗೆ ಮರೆತಿತ್ತು. ನಾನು ಕನ್ನಡಕ ಒರೆಸಿಕೊಂಡೆ. ಆಕೆ ನನ್ನತ್ತ ನೋಡಲಿಲ್ಲ, ಹೆಸರು ಹೇಳಲಿಲ್ಲ. “ಪರವಾಗಿಲ್ಲ ಸರ್,” ಎಂದಳು. ಅವನು ಬೇರೆ ಮೇಜಿಗೆ ಹೋದಮೇಲೆ ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡಳು.

“ಆಂಟಿ, ಬೇರೆ ಎಂತಾದ್ರೂ ಉಂಟಾ? ಒಂದು ಸಾಲಿಂದು ಆದ್ರೂ ಸಾಕು. ಇನ್ನೂ ಎರಡು ಗಂಟೆ ಉಂಟಲ್ಲ, ನಾನು ಮಾಡ್ತೇನೆ.”

ಒಂದು ಸಾಲು ಎಂದೇ ಕೇಳಿದಳು. ನನ್ನ ಲ್ಯಾಪ್‌ಟಾಪ್ ನನ್ನ ಮುಂದೆಯೇ ತೆರೆದಿತ್ತು. ಚೀಟಿಯಲ್ಲಿ ಹೆಸರು ತುಂಡಾಗುತ್ತದೆ ನೋಡು, ಇಲ್ಲಿ ಹುಡುಕು ಎಂದು ಹೇಳಿದ್ದರೆ ಸಾಕಿತ್ತು. ಆಕೆ ಅದನ್ನು ಇಪ್ಪತ್ತು ನಿಮಿಷದಲ್ಲಿ ಮಾಡುತ್ತಿದ್ದಳು, ನನಗೆ ಐದು ವಾರ ಹಿಡಿದದ್ದನ್ನು. ಆ ಇಪ್ಪತ್ತು ನಿಮಿಷವೇ ನನ್ನ ಎದೆಗೆ ಚುಚ್ಚಿತು ಎಂದು ಬರೆದರೆ ಅದು ನಿಜದ ಹತ್ತಿರ ಬರುತ್ತದೆ. ಇದು ನನ್ನ ಒಂದೇ ಒಂದು. ಆಕೆಗೆ ಮುಂದೆ ನೂರು ಸಿಗುತ್ತವೆ, ವಯಸ್ಸಿದೆ, ಬಿ.ಇ. ಇದೆ, ಒಳಗನ್ನು ನೋಡುವ ಕಣ್ಣಿದೆ. ಒಂಬತ್ತು ನುಂಗಿದವನಿಗೆ ಯಾರೂ ಏನೂ ಅನ್ನಲಿಲ್ಲ, ಒಂದು ಇಟ್ಟುಕೊಂಡವಳು ಯಾಕೆ ಬಿಡಬೇಕು? ಇಷ್ಟೆಲ್ಲವನ್ನೂ ನಾನು ಆಗಲೇ ಯೋಚಿಸಿದೆನೋ, ಆಮೇಲೆ ಜೋಡಿಸಿಕೊಂಡೆನೋ, ಈಗ ಹೇಳಲಾರೆ.

“ಇಲ್ಲವಾ,” ಎಂದೆ. “ಎಲ್ಲಾ ಮುಗದಾವ. ಆ ಹುಡುಗರು ಒಂದೂ ಬಿಟ್ಟಿಲ್ಲ ನೋಡು.”

ಹುಡುಗರ ಮೇಲೆ ಹಾಕಿದೆ.

ನಾಲ್ಕು ಗಂಟೆಗೆ ನನ್ನ ತಿದ್ದುಪಡಿಯನ್ನು ಕಳಿಸಿದೆ. ಆಕೆ ಚಹಾ ತರಲು ಹೊರಗೆ ಹೋಗಿದ್ದಳು. ನನಗೂ ಒಂದು ತಂದಳು, ಸಕ್ಕರೆ ಕಡಿಮೆ ಎಂದು ನೆನಪಿಟ್ಟುಕೊಂಡು. ಹತ್ತು ನಿಮಿಷದಲ್ಲಿ ಹಾಲ್‌ನ ಆ ಕಡೆಯಿಂದ ಮುಖ್ಯಸ್ಥ ಕೂಗಿದ.

“ಆಂಟೀ! ಇದು ನೀವಾ? ಒನ್ ಲೈನ್, ಬಟ್ ಪರ್ಫೆಕ್ಟ್! ಸೇರಿಸಿಬಿಟ್ಟೆ!”

ಸಂಜೆ ಹೆಸರು ಓದುವಾಗ ನನ್ನದನ್ನು ಕೊನೆಗೆ ಇಟ್ಟುಕೊಂಡಿದ್ದ. “ಅಂಡ್ ಫೈನಲಿ, ನಮ್ಮ ಅತ್ಯಂತ ಹಿರಿಯ ಹೊಸಬರು,” ಎಂದು ಹೇಳಿ ಹೆಸರನ್ನು ಪೂರ್ತಿ ಓದಿದ, ಅಪ್ಪನ ಹೆಸರು, ಅಡ್ಡಹೆಸರು ಸಮೇತ. ಹಾಲ್ ಎದ್ದು ನಿಂತಿತು. ಹುಡುಗರು ಸೀಟಿ ಹೊಡೆದರು. ನಾನು ವೇದಿಕೆಗೆ ಹೋದೆ, ಫೋಟೋ ತೆಗೆದರು, ನನಗೆ ದೊಡ್ಡದಾಗುವ ಒಂದು ಟೀ ಶರ್ಟ್ ಕೊಟ್ಟರು. ಮೇಲಿನಿಂದ ನೋಡಿದೆ. ಆಕೆ ಎಲ್ಲರಿಗಿಂತ ಜೋರಾಗಿ ಕೈ ತಟ್ಟುತ್ತಿದ್ದಳು. ಕೆಳಗಿಳಿದಾಗ ಬಂದು ಎರಡೂ ಕೈ ಹಿಡಿದುಕೊಂಡಳು.

“ಖುಷಿಯಾಯ್ತು ಆಂಟಿ. ನೋಡಿ, ಇಲ್ಲಿಗೆ ಬಂದದ್ದು ವೇಸ್ಟ್ ಆಗ್ಲಿಲ್ಲ ನಂಗೆ.”

ಆಮೇಲೆ ಮೆಟ್ರೋ ಹಿಡಿಯಬೇಕೆಂದು ಬೇಗ ಹೋದಳು.

ಮನೆಯಲ್ಲಿ ಅಕ್ಕ ಬಾಗಿಲು ತೆಗೆದವಳೇ ಕೇಳಿದಳು, “ಹೆಸರು ಓದಿದ್ರೇನ?”

“ಓದಿದ್ರು.”

“ಮತ್ತ ಮುಖ ಯಾಕ ಹಂಗ ಮಾಡೀದಿ? ಯಾರರ ಸತ್ತಾರೇನ?”

“ಕಾಲು ನೋಯಾಕ ಹತ್ಯಾವ,” ಎಂದೆ. ಅಕ್ಕ ಬಿಸಿನೀರು ಇಟ್ಟಳು. ಆಕೆಗೆ ಸುಳ್ಳು ಹೇಳುವುದು ಎಷ್ಟು ಸಲೀಸು ಎಂದು ಆ ಸಂಜೆ ನನಗೆ ಗೊತ್ತಾಯಿತು.

ಮಂಗಳವಾರ ಫೋನಿಗೆ ಒಂದು ಮೆಸೇಜ್ ಬಂತು. ಹೋಟೆಲಿನ ಆಕೆಯದು. “ಆಂಟಿ, ನಿಮ್ಮ ತಿದ್ದುಪಡಿ ತೆರೆದು ನೋಡಿದೆ, ಹೇಗೆ ಬರೀಬೇಕು ಅಂತ ಕಲೀಲಿಕ್ಕೆ. ಒಂದು ಡೌಟು. ಅದ್ರಲ್ಲಿ ತಾರೀಕು ಮೂರು ವಾರ ಹಿಂದಿನದ್ದು ತೋರಿಸ್ತದೆ. ನನ್ನ ಕಂಪ್ಯೂಟರಲ್ಲಿ ಮಾತ್ರ ಹಾಗಾ?”

ಈ ಪ್ರೋಗ್ರಾಮುಗಳ ಲೋಕದಲ್ಲಿ ಒಂದು ತಿದ್ದುಪಡಿಗೆ ಎರಡು ತಾರೀಕು ಇರುತ್ತವೆ. ಸೇರಿಸಿಕೊಂಡದ್ದು ಒಂದು, ಬರೆದವರು ತಮ್ಮ ಯಂತ್ರದಲ್ಲಿ ಮೊದಲು ಉಳಿಸಿದ್ದು ಇನ್ನೊಂದು. ಎರಡನ್ನೂ ಅದು ಬಿಡದೆ ಇಟ್ಟುಕೊಳ್ಳುತ್ತದೆ. ನನ್ನ ಗೈಡಿನಲ್ಲಿ ಇದನ್ನು ನಾನು ಬರೆದಿರಲಿಲ್ಲ, ಯಾಕೆಂದರೆ ನನಗೆ ಗೊತ್ತಿರಲಿಲ್ಲ. ಸಾಮಾನ್ಯವಾಗಿ ಅದನ್ನು ಯಾರೂ ತೆರೆದು ನೋಡುವುದಿಲ್ಲ. ಆಕೆ ಎಲ್ಲವನ್ನೂ ಎರಡು ಸಲ ಓದುವವಳು.

ಉತ್ತರ ಬರೆಯಲಿಲ್ಲ. ಗುರುವಾರ ಗ್ರಂಥಾಲಯಕ್ಕೆ ರಜೆ ಹೇಳಿ ಚಿಂಚವಾಡಕ್ಕೆ ಹೋದೆ. ಊಟದ ಗದ್ದಲ ಮುಗಿದ ಹೊತ್ತು. ಅತ್ತೆ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದರು, ದಪ್ಪ ಕುಂಕುಮ, ಅರ್ಧ ನಿದ್ದೆ. ಆಕೆ ಒಳಗಿನಿಂದ ಸೆರಗಿಗೆ ಕೈ ಒರೆಸುತ್ತ ಬಂದು ನನ್ನನ್ನು ನೋಡಿ ಒಂದು ಗಳಿಗೆ ನಿಂತಳು. ಆಮೇಲೆ ಗೋಡೆ ಬದಿಯ ಟೇಬಲ್ಲಿಗೆ ಕೂರಿಸಿ ಕಾಫಿ ತಂದಿಟ್ಟು ಎದುರಿಗೆ ಕೂತಳು.

“ಅರ್ಜಿ ಹಾಕೀದ್ಯಾ?” ಎಂದು ಕೇಳಿದೆ.

“ಕಾಲಂ ಖಾಲಿ ಬಿಟ್ಟು ಹಾಕಿದೆ. ಕಂಪ್ಯೂಟರು ತಗೊಳ್ಳುದೇ ಇಲ್ಲ ಅಂತ ಹೇಳಿತು.” ಆಕೆ ಟೇಬಲ್ಲಿನ ಮೇಲಿದ್ದ ನೀರಿನ ಹನಿಯನ್ನು ಬೆರಳಿಂದ ಒತ್ತಿದಳು. “ಮುಂದಿನ ವರ್ಷ ಕರೀತಾರೋ ಇಲ್ವೋ ಗೊತ್ತಿಲ್ಲ. ಆಂಟಿ, ನಾನು ಕೇಳುವಾಗ ಅದು ನಿಮ್ಮ ಹತ್ರ ಇತ್ತಲ್ವಾ?”

“ಇತ್ತು,” ಎಂದೆ. “ನನ್ನ ಹೆಸರು ಒಮ್ಮೆರ ಬರಲಿ ಅಂತ ಇಟ್ಕೊಂಡಿದ್ದೆ. ನಿನಗ ಸುಳ್ಳು ಹೇಳಿದೆ. ಅದನ್ನ ಹೇಳಾಕಂತನ ಬಂದೀನಿ. ಆ ಕಂಪನಿಗೆ ನಾ ಒಂದು ಲೆಟರ್ ಬರೀತೀನಿ, ನೀ ಮಾಡಿದ ಕೆಲಸ ಎಂಥಾದ್ದು ಅಂತ. ಇಂಗ್ಲಿಷಿನ್ಯಾಗ ಚೆಂದಾಗಿ ಬರೀತೀನಿ.”

ಆಕೆ ಸಿಟ್ಟಾಗಲಿಲ್ಲ. ಆಗಿದ್ದರೆ ನನಗೆ ಅನುಕೂಲವಾಗುತ್ತಿತ್ತು.

“ಲೆಟರ್ ಬೇಡ ಆಂಟಿ. ನೀವು ಬರುವವರೆಗೆ ನಾನು ತಾರೀಕೇ ತಪ್ಪು ಇರ್ಬೇಕು ಅಂತ ಇದ್ದೆ. ನಿಮ್ಮ ಹತ್ರ ಕೇಳಿದ್ದು, ಹೌದು, ತಾರೀಕು ತಪ್ಪೇ ಅಂತ ಹೇಳ್ತೀರಿ ಅಂತ. ಅಲ್ಲಿ ಸುಳ್ಳು ಹೇಳಿದ್ರಿ, ಇಲ್ಲಿವರೆಗೆ ಬಂದು ನಿಜ ಹೇಳಿದ್ರಿ. ಎರಡೂ ನಿಮಗೆ ಬೇಕಾದ್ದೇ. ನಂಗೆ ಎಂತ ಸಿಕ್ಕಿತು?”

ಮೂವತ್ತು ವರ್ಷ ಇಂಜಿನಿಯರುಗಳ ವಾಕ್ಯ ತಿದ್ದಿದವಳಿಗೆ ಆ ವಾಕ್ಯದಲ್ಲಿ ತಿದ್ದಲು ಏನೂ ಸಿಗಲಿಲ್ಲ.

ಗಲ್ಲಾಪೆಟ್ಟಿಗೆಯ ಕಡೆಯಿಂದ ಅತ್ತೆ ಕರೆದರು. “ಯಾರು ಮಗಾ ಅದು?”

“ಕಾಲೇಜಿನವರು ಅತ್ತೆ. ಲೇಡೀಸ್ ಪ್ರೋಗ್ರಾಂನವರು,” ಎಂದು ಹೇಳಿ ಆಕೆ ಎದ್ದು ಒಳಗೆ ಹೋದಳು. ನಾನು ಕಾಫಿ ಕುಡಿದೆ. ಬಿಟ್ಟುಬರುವಷ್ಟು ಮರ್ಯಾದೆ ಕೂಡ ಆಗ ತೋಚಲಿಲ್ಲ.

ಮನೆಗೆ ಬಂದು ಮುಖ್ಯಸ್ಥನಿಗೆ ಫೋನ್ ಮಾಡಿದೆ. ಆ ಪಟ್ಟಿಯಿಂದ ನನ್ನ ಹೆಸರು ತೆಗೆದುಬಿಡು ಎಂದೆ.

“ಯಾಕೆ ಆಂಟಿ?”

“ಪ್ರೈವಸಿ,” ಎಂದೆ. ಬೇರೆ ಶಬ್ದ ಬಾಯಿಗೆ ಬರಲಿಲ್ಲ.

ಅವನು ಜೋರಾಗಿ ನಕ್ಕ. “ಹಾಲ್ ಪೂರ್ತಿ ಎದ್ದು ನಿಂತು ಚಪ್ಪಾಳೆ ಹೊಡೆದಮೇಲೆ ಇನ್ನೇನು ಪ್ರೈವಸಿ! ಅದು ಹಾಗೆಲ್ಲ ಹೋಗಲ್ಲ ಆಂಟಿ. ಯಾರು ಯಾರು ಕಾಪಿ ಇಳಿಸಿಕೊಂಡಿದ್ದಾರೋ ಅವರೆಲ್ಲರ ಹತ್ರನೂ ಇರತ್ತೆ. ನಾನು ಇಲ್ಲಿ ತೆಗೆದ್ರೂ ಇನ್ನೊಂದು ಕಡೆ ಇದ್ದೇ ಇರತ್ತೆ.” ಆಮೇಲೆ ದನಿ ಮೆತ್ತಗೆ ಮಾಡಿ ಕೇಳಿದ, “ಹುಷಾರಾಗಿದ್ದೀರಾ? ಮುಂದಿನ ವರ್ಷದ ಲಿಸ್ಟು ಈಗಿಂದಾನೇ ಶುರು ಮಾಡ್ತೀರಲ್ವಾ?”

ಆ ರದ್ದು ಗುಂಡಿಯ ಕೆಲಸವನ್ನು ಆಕೆ ಮುಂದುವರಿಸಲಿಲ್ಲ. ನಾನು ಅದರ ಮೇಲಿನ ಚೀಟಿಯನ್ನು ಕಿತ್ತು ಹಾಕಿದೆ. ಈಗಲೂ ಅದು ಇಂಗ್ಲಿಷಿನಲ್ಲೇ ಇದೆ. ಗುರುವಾರಗಳಲ್ಲಿ ಚೀಟಿಗಳ ಮೇಲೆ ಸದಸ್ಯರ ಹೆಸರುಗಳು ಮಾತ್ರ ಪೂರಾ ಬರುತ್ತವೆ. ವಿಜಾಪುರದ ಆ ಸದಸ್ಯೆ ಗಂಡನ ಹೆಸರನ್ನು ಬೆರಳಿಟ್ಟು ಓದಿ, “ಈಗ ಸರಿ ಆತು ನೋಡ್ರಿ. ಯಾರು ಮಾಡಿದ್ರು?” ಎಂದು ಕೇಳಿದರು.

“ಗೊತ್ತಿಲ್ರಿ,” ಎಂದೆ. “ಯಾರೋ ಹೊಸಬರು.”